ಕೂತಾಗ ನಾಡಿ 44, ಓಡಿದರೂ 105 ದಾಟಲ್ಲ: ವಾಲ್ವ್ ಆಪರೇಷನ್ ಆಗಿ 14 ವಾರ

ಹಳೇ ಓಟಗಾರ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ನಾನೇ ಬರೆಯಬೇಕಾಗಿ ಬಂದಿದೆ.

ವಯಸ್ಸು 57. ಇಪ್ಪತ್ತು ವರ್ಷದಿಂದ ಓಡುತ್ತಿದ್ದೇನೆ. ನನ್ನ ಅಯೋರ್ಟಿಕ್ ವಾಲ್ವ್‌ಗೆ, ಅಂದರೆ ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಿಗೆ, ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು. ಅದು ಗೊತ್ತಾದದ್ದು ಐವತ್ತು ದಾಟಿದ ಮೇಲೆ. ವಾಲ್ವ್ ಗಟ್ಟಿಯಾಗಿ ಕಿರಿದಾಗುತ್ತಾ ಬಂತು. 14 ವಾರದ ಹಿಂದೆ ಎದೆ ತೆರೆದು ಟಿಶ್ಯೂ ವಾಲ್ವ್ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಹಾಕಿದರು. ರಕ್ತನಾಳದಲ್ಲಿ ಬ್ಲಾಕ್ ಇರಲಿಲ್ಲ. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ.

ಆಪರೇಷನ್‌ಗೆ ಮೊದಲು ಕೂತಾಗ ನನ್ನ ನಾಡಿ 50ರ ಹತ್ತಿರ. ಆಪರೇಷನ್ ಆದ ಮೂರನೇ ದಿನ ಎದೆಬಡಿತ ಹದ ತಪ್ಪಿತು, ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಮೆಟೊಪ್ರೊಲಾಲ್ ಮತ್ತು ಅಮಿಯೊಡರೋನ್ ಶುರುವಾಯಿತು. ಮನೆಗೆ ಬಂದಾಗ ನಾಡಿ 80ರ ಮೇಲೇ ಇತ್ತು. ಆಮೇಲೆ ವಾರ ವಾರಕ್ಕೂ ಇಳಿಯುತ್ತಾ ಬಂದು ಈಗ 44. ರಾತ್ರಿ ನಿದ್ದೆಯಲ್ಲಿ 37. ಕೈಗಡಿಯಾರ ಮಧ್ಯರಾತ್ರಿ ಕಿರುಚುತ್ತದೆ. ನಾನೂ ಎದ್ದು ಕೂರುತ್ತೇನೆ, ಹೆಂಡತಿಯೂ ಎದ್ದು ಕೂರುತ್ತಾಳೆ.

ಇನ್ನೊಂದು ತೊಂದರೆ. ಮೆಲ್ಲಗೆ ಓಡಲು ಶುರು ಮಾಡಿದ್ದೇನೆ. ಎಷ್ಟು ಜೋರು ಮಾಡಿದರೂ 105ಕ್ಕಿಂತ ಮೇಲೆ ಹೋಗುವುದಿಲ್ಲ. ಮೊದಲು ಸಲೀಸಾಗಿ 160 ಮುಟ್ಟುತ್ತಿತ್ತು. ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಗಾಡಿಯ ಹ್ಯಾಂಡ್‌ಬ್ರೇಕ್ ಬಿಡದೆ ಓಡಿಸಿದಂತೆ ಅನಿಸುತ್ತದೆ. ಓಟ ನಿಲ್ಲಿಸಿದ ತಕ್ಷಣ ಒಂದೆರಡು ಸಲ ತಲೆ ಹಗುರಾಗಿದೆ. ಬಿದ್ದಿಲ್ಲ.

ಮುಂದಿನ ಭೇಟಿಗೆ ಇನ್ನೂ ಮೂರು ವಾರ ಇದೆ. ಹೀಗೇ ಮುಂದುವರಿಸಲೇ, ನಿಲ್ಲಿಸಲೇ?

ಎರಡನೇ ಇನ್ನಿಂಗ್ಸ್

ನನಗೆ ಬೈಪಾಸ್ ಆಗಿ ಆರು ವರ್ಷ. ನೀವು ಬರೆದ ಹ್ಯಾಂಡ್‌ಬ್ರೇಕ್ ಮಾತು ಓದಿ ನಗು ಬಂತು. ಆಗ ನಾನೂ ಅದೇ ಮಾತು ಹೇಳಿದ್ದೆ. ಡಾಕ್ಟರ್ ಹೇಳಿದ್ದು, "ಹೌದು, ಬ್ರೇಕೇ ಅದು. ನಾವೇ ಹಾಕಿದ್ದು."

ನಿಮ್ಮ ಮೆಟೊಪ್ರೊಲಾಲ್ ಒಂದು ಬೀಟಾ ಬ್ಲಾಕರ್. ಅದು ಮಾಡುವ ಕೆಲಸವೇ ಬ್ರೇಕ್ ಹಾಕುವುದು. ಓಡುವಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಹೃದಯಕ್ಕೆ "ಜೋರಾಗಿ ಬಡಿ" ಅನ್ನುತ್ತದೆ. ಮಾತ್ರೆ ಆ ಮಾತು ಹೃದಯಕ್ಕೆ ಪೂರ್ತಿ ತಲುಪಲು ಬಿಡುವುದಿಲ್ಲ. ಕೂತಾಗಲೂ ಕಮ್ಮಿ, ಓಡಿದಾಗ ಇನ್ನೂ ಕಮ್ಮಿ. ಅದರ ಮೇಲೆ ನಿಮಗೆ ಅಮಿಯೊಡರೋನ್ ಬೇರೆ. ಅದೂ ನಾಡಿ ಇಳಿಸುತ್ತದೆ. ಸಾಲದ್ದಕ್ಕೆ ಮೆಟೊಪ್ರೊಲಾಲ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವ ಹಾಗೂ ಮಾಡುತ್ತದೆ. ಮೊದಲೇ ನಾಡಿ 50 ಇದ್ದ ಓಟಗಾರನಿಗೆ ಎರಡು ಬ್ರೇಕ್ ಒಟ್ಟಿಗೆ ಹಾಕಿದರೆ 44 ಬರುವುದು ಆಶ್ಚರ್ಯವೇನಲ್ಲ.

ಮಾತ್ರೆ ತೆಗೆದುಕೊಂಡ ಹೊತ್ತನ್ನೂ ಗಮನಿಸಿ. ದಿನಕ್ಕೆರಡು ಸಲ ತೆಗೆದುಕೊಳ್ಳುವ ಸಾದಾ ಮೆಟೊಪ್ರೊಲಾಲ್‌ನ ಜೋರು ಒಂದೆರಡು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಬೆಳಿಗ್ಗೆ ಮಾತ್ರೆಗೆ ಮೊದಲು ನಡೆದರೆ ನನಗೆ 112 ಬರುತ್ತಿತ್ತು. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಅದೇ ದಾರಿ, ಅದೇ ವೇಗ: 96. ಮೈ ಅದೇ, ಗಡಿಯಾರ ಅದೇ.

ತಲೆ ಹಗುರಾಗುವ ವಿಷಯ ಮಾತ್ರ ಮೂರು ವಾರ ಕಾಯುವಂಥದ್ದಲ್ಲ. ಫೋನ್ ಮಾಡಿ ಹೇಳಿಬಿಡಿ.

ಬೆಳಗಿನ ನಡಿಗೆ

ನಂದೂ 52. ಡಾಕ್ಟರ್ ತುಂಬಾ ಚೆನ್ನಾಗಿದೆ ಅಂದರು. ಚಿಂತೆ ಮಾಡ್ಬೇಡಿ.

ರಿಹ್ಯಾಬ್ ಮನುಷ್ಯ

ನಾನು ಹೃದಯದ ರಿಹ್ಯಾಬ್‌ನಲ್ಲಿ ಫಿಸಿಯೊ. ನಿಮ್ಮನ್ನು ನೋಡದೆ ಚಿಕಿತ್ಸೆ ಹೇಳಲು ಆಗದು. ಆದರೆ ಈ ಪ್ರಶ್ನೆ ದಿನಕ್ಕೆರಡು ಸಲ ಕೇಳುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

60ಕ್ಕಿಂತ ಕಮ್ಮಿ ಇದ್ದರೆ ನಿಧಾನ ನಾಡಿ ಅನ್ನುವುದು ಹಳೇ ಲೆಕ್ಕ. ಅಮೆರಿಕದ ಹೃದ್ರೋಗ ಸಂಘಗಳು 2018ರಲ್ಲಿ ತಂದ ಮಾರ್ಗಸೂಚಿಯಲ್ಲಿ ಆ ಗೆರೆಯನ್ನು 50ಕ್ಕೆ ಇಳಿಸಿದರು. ಅಲ್ಲೂ ಬರೀ ಅಂಕಿ ನೋಡಿ ಪೇಸ್‌ಮೇಕರ್ ಹಾಕಿ ಅನ್ನುವುದಿಲ್ಲ. ಅಂಕಿಯ ಜೊತೆ ತೊಂದರೆ ಇದೆಯೇ ಅನ್ನುವುದೇ ಮುಖ್ಯ.

ಲೆಕ್ಕ ಹಾಕಿ ನೋಡಿ. ಒಂದು ಬಡಿತಕ್ಕೆ 70 ಮಿಲಿ ರಕ್ತ, ನಿಮಿಷಕ್ಕೆ 70 ಬಡಿತ: ಸುಮಾರು 4.9 ಲೀಟರ್. ಒಂದು ಬಡಿತಕ್ಕೆ 105 ಮಿಲಿ, ನಿಮಿಷಕ್ಕೆ 46 ಬಡಿತ: ಹತ್ತಿರ ಹತ್ತಿರ ಅಷ್ಟೇ. ವರ್ಷಗಟ್ಟಲೆ ಓಡಿದವರ ಹೃದಯ ಎರಡನೇ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ನಾನು ಮೊದಲು ಕೇಳುವುದು ಕೂತಾಗ ಎಷ್ಟು ಅಂತಲ್ಲ. ಎದ್ದು ನಡೆದಾಗ ಏರುತ್ತದೆಯೇ, ಹದವಾಗಿ ಏರುತ್ತದೆಯೇ, ನಿಲ್ಲಿಸಿದಾಗ ಮೆಲ್ಲಗೆ ಇಳಿಯುತ್ತದೆಯೇ ಅಂತ.

ಈಗ ವ್ಯಾಯಾಮದ ಗುರಿ. "220ರಿಂದ ವಯಸ್ಸು ಕಳೆಯಿರಿ" ಅನ್ನುವುದು ಎಲ್ಲರಿಗೂ ಬಾಯಿಪಾಠ. ನಿಮಗೆ ಅದು 163. ಕೂತಾಗಿನ 44 ಕಳೆದು, ಉಳಿದದ್ದರ 60 ಶೇಕಡಾ ಹಿಡಿದು, ಮತ್ತೆ 44 ಕೂಡಿಸಿದರೆ 115. ನಿಮ್ಮ ಹೃದಯ ಈಗ 105 ದಾಟುತ್ತಿಲ್ಲ. ಅಂದರೆ ಕೈಗೆ ಸಿಗದ ಗುರಿ ಹಿಡಿದು ದಿನಾ ನಿಮ್ಮನ್ನೇ ಹಿಂಡಿಕೊಳ್ಳುತ್ತಿದ್ದೀರಿ. ರಕ್ತನಾಳದ ಕಾಯಿಲೆಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಬೇರೆ ಸೂತ್ರ ಇದೆ, 2004ರದ್ದು: ವಯಸ್ಸಿನ 0.7 ಪಟ್ಟನ್ನು 164ರಿಂದ ಕಳೆಯುವುದು. ನಿಮಗೆ ಬ್ಲಾಕ್ ಇಲ್ಲ, ಆದರೂ ಅಂದಾಜಿಗೆ ಹಾಕಿದರೆ ತುದಿ 124. ಅದರಲ್ಲೂ ಹಾಗೆಯೇ 44 ಕಳೆದು, ಉಳಿದದ್ದರ 60 ಶೇಕಡಾ ಹಿಡಿದು, ಮತ್ತೆ 44 ಕೂಡಿಸಿದರೆ 92. ಎರಡು ಸೂತ್ರಕ್ಕೆ 23 ಬಡಿತದ ವ್ಯತ್ಯಾಸ! ಎರಡೂ ಊಹೆಗಳೇ. ಸರಿಯಾದದ್ದು ಒಂದೇ: ಮಾತ್ರೆಯನ್ನು ದಿನದ ಹೊತ್ತಿಗೆ ತೆಗೆದುಕೊಂಡೇ ಮಾಡುವ ಟ್ರೆಡ್‌ಮಿಲ್ ಪರೀಕ್ಷೆ. ಅಲ್ಲಿ ಬರುವ ತುದಿಯೇ ನಿಮ್ಮ ತುದಿ.

ಅಲ್ಲಿಯವರೆಗೆ ಗಡಿಯಾರ ಜೇಬಿನಲ್ಲಿಡಿ. ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸರಿ. ನಾವು ಬೋರ್ಗ್ ಮಾಪಕ ಬಳಸುತ್ತೇವೆ, ಎಷ್ಟು ಆಯಾಸ ಅನಿಸುತ್ತದೆ ಅಂತ ನೀವೇ ಅಂಕಿ ಕೊಡುವುದು, 6ರಿಂದ 20ರವರೆಗೆ. 11ರಿಂದ 13, ಹೆಚ್ಚೆಂದರೆ 14. "ಹಗುರ"ದಿಂದ "ಸ್ವಲ್ಪ ಕಷ್ಟ"ದವರೆಗೆ. ಮಾಪಕ 6ರಿಂದ ಯಾಕೆ ಶುರುವಾಗುತ್ತದೆ ಗೊತ್ತಾ? ಹತ್ತರಿಂದ ಗುಣಿಸಿದರೆ ಆರೋಗ್ಯವಂತರ ಎದೆಬಡಿತಕ್ಕೆ ಹತ್ತಿರ ಬರಲಿ ಎಂದು ಬೋರ್ಗ್ ಹಾಗೆ ಮಾಡಿದ್ದು. ಮಾತ್ರೆ ತೆಗೆದುಕೊಳ್ಳುವವರಿಗೆ ಆ ಗುಣಾಕಾರ ನಡೆಯುವುದಿಲ್ಲ. ಆಯಾಸದ ಅಂದಾಜು ಮಾತ್ರ ನಡೆಯುತ್ತದೆ.

ನಿಲ್ಲಿಸಿದಾಗ ತಲೆ ಹಗುರಾಗುವುದಕ್ಕೆ ಒಂದು ಸಾಮಾನ್ಯ ಕಾರಣ ಇದೆ. ಓಡುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ, ಬಿಪಿ ಇಳಿಯುತ್ತದೆ. ಆಗ ಹೃದಯ ಜೋರಾಗಿ ಬಡಿದು ಸರಿಮಾಡಬೇಕು, ಅದಕ್ಕೆ ಮಾತ್ರೆ ಬಿಡುವುದಿಲ್ಲ. ಕೊನೆಯಲ್ಲಿ ಹತ್ತು ನಿಮಿಷ ಮೆಲ್ಲಗೆ ನಡೆದೇ ನಿಲ್ಲಿಸಿ. ಶುರುವಿನಲ್ಲೂ ಹತ್ತು ನಿಮಿಷ ಕೊಡಿ. ಆದರೆ ನಿಮ್ಮದು ಅದೇ ಕಾರಣ ಅಂತ ನಾನು ಇಲ್ಲಿಂದ ಹೇಳಲಾರೆ. ಅಯೋರ್ಟಿಕ್ ವಾಲ್ವ್ ಆಪರೇಷನ್ ಆದವರಿಗೆ ಇನ್ನೊಂದು ಕಾರಣವೂ ಇರಬಹುದು. ಇಸಿಜಿ ಕೊನೆಗೆ ಯಾವಾಗ ಮಾಡಿಸಿದಿರಿ? ಅದರಲ್ಲಿ ಪಿಆರ್ ಅಂತರ (ಬಡಿತದ ಸಂಕೇತ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯಲು ಹಿಡಿಯುವ ಹೊತ್ತು) ಎಷ್ಟಿದೆ? ನಾಡಿ ಅಳೆಯುವುದು ಗಡಿಯಾರದಲ್ಲೋ, ಬೆರಳಿಟ್ಟೋ? ಎರಡು ದಿನ ಓಟ ಬಿಟ್ಟು ಬರೀ ನಡೆಯಿರಿ, ಅಷ್ಟರಲ್ಲಿ ಫೋನ್ ಮಾಡಿ.

ಮನೆಯವಳು

ಬೆರಳಿಟ್ಟು ಎಣಿಸುವ ಮಾತು ಬಂತಲ್ಲ, ಅದಕ್ಕೆ ನಮ್ಮ ಕತೆ ಹೇಳುತ್ತೇನೆ.

ಇವರಿಗೆ ಬೈಪಾಸ್ ಆಗಿ ಎರಡು ತಿಂಗಳು. ಒಂದು ಸಂಜೆ ಬೆರಳಿನ ಆಕ್ಸಿಮೀಟರ್ 36 ತೋರಿಸಿತು. ಬಿಪಿ ಮೆಷಿನ್ ಕೂಡ 37. ಇವರು ಆರಾಮಾಗಿ ಕೂತಿದ್ದರು. ನನಗೆ ಮಾತ್ರ ಕೈಕಾಲು ತಣ್ಣಗಾದವು. ರಾತ್ರಿಯೇ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಅಲ್ಲಿ ಇಸಿಜಿ ಹಚ್ಚಿದರೆ 72!

ಆಗಿದ್ದು ಏನೆಂದರೆ, ಒಂದು ಸರಿಯಾದ ಬಡಿತ, ಅದರ ಬೆನ್ನಿಗೇ ಒಂದು ಅವಸರದ ಬಡಿತ. ಮತ್ತೆ ಒಂದು ಸರಿ, ಒಂದು ಅವಸರ. ಅವಸರದ ಬಡಿತ ಬರುವಾಗ ಹೃದಯದಲ್ಲಿ ರಕ್ತ ಇನ್ನೂ ತುಂಬಿರುವುದಿಲ್ಲ. ಖಾಲಿ ಬಿಂದಿಗೆ ಬಗ್ಗಿಸಿದ ಹಾಗೆ. ಆ ಬಡಿತ ಕೈಯ ನಾಡಿಯವರೆಗೆ ತಲುಪುವುದೇ ಇಲ್ಲ. ಮೆಷಿನ್‌ಗೆ ಅರ್ಧ ಮಾತ್ರ ಕಾಣುತ್ತದೆ. ಬೆರಳಿಟ್ಟರೂ ಅರ್ಧವೇ ಸಿಗುತ್ತದೆ, ಆದರೆ ನಡುವೆ ಏನೋ ತಪ್ಪಿದ ಹಾಗೆ ಗೊತ್ತಾಗುತ್ತದೆ. ನಮ್ಮ ನರ್ಸ್ ಸ್ಟೆತಸ್ಕೋಪ್ ಎದೆಗಿಟ್ಟು, ಇನ್ನೊಂದು ಕೈ ನಾಡಿಗಿಟ್ಟು ತೋರಿಸಿದರು. ಎದೆಯಲ್ಲಿ ಎರಡು ಸದ್ದು, ಕೈಯಲ್ಲಿ ಒಂದು.

ಅವಸರದ ಬಡಿತಕ್ಕೂ ಪರೀಕ್ಷೆ ಬೇಕೇ ಬೇಕು. ಪೊಟ್ಯಾಸಿಯಂ ನೋಡಿದರು, ಎಕೋ ಮಾಡಿದರು, ಆಮೇಲೆ ಬಿಟ್ಟರು. ಆದರೆ ಅದು ನಿಧಾನ ನಾಡಿಯ ಕಾಯಿಲೆ ಅಲ್ಲ. ಅವತ್ತು ನಾನು 36 ಅಂತ ನಂಬಿ ಮರುದಿನದ ಮಾತ್ರೆ ತಪ್ಪಿಸಿದ್ದರೆ ಉಲ್ಟಾ ಆಗುತ್ತಿತ್ತು.

ಸೀದಾ ಮಾತು

ಇಷ್ಟೆಲ್ಲ ಯಾಕೆ? ಮಾತ್ರೆ ಎರಡು ದಿನ ಬಿಟ್ಟು ನೋಡಿ. ನಾಡಿ ಏರಿದರೆ ಮಾತ್ರೆಯದೇ ತಪ್ಪು. ನಾನು ಹಾಗೇ ಮಾಡಿದೆ, ಏನೂ ಆಗಲಿಲ್ಲ.

ಎರಡನೇ ಇನ್ನಿಂಗ್ಸ್

ದಯವಿಟ್ಟು ಬೇಡ. ನಿಮಗೆ ಏನೂ ಆಗಲಿಲ್ಲ, ಸಂತೋಷ. ಬೇರೆಯವರಿಗೆ ಹೇಳಬೇಡಿ.

ರಿಹ್ಯಾಬ್ ಮನುಷ್ಯ

ಇದನ್ನು ಜೋರಾಗಿಯೇ ಹೇಳಬೇಕು. ಬೀಟಾ ಬ್ಲಾಕರ್ ಥಟ್ಟನೆ ಬಿಡಬಾರದು. ಮಾತ್ರೆ ತಡೆಯುತ್ತಿದ್ದಷ್ಟು ದಿನವೂ ಹೃದಯದಲ್ಲಿ ಅಡ್ರಿನಲಿನ್ ಹಿಡಿಯುವ ಕೊಂಡಿಗಳು ಹೆಚ್ಚಾಗಿರುತ್ತವೆ. ಮಾತ್ರೆ ಒಮ್ಮೆಗೇ ನಿಂತರೆ ಅಷ್ಟೂ ಕೊಂಡಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ನಾಡಿ, ಬಿಪಿ ಮೊದಲಿಗಿಂತ ಜೋರಾಗಿ ಏರುತ್ತವೆ. ರಕ್ತನಾಳದ ತೊಂದರೆ ಇದ್ದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ನಮ್ಮ ಹಳೇ ಓಟಗಾರರ ವಿಷಯದಲ್ಲಿ ಹದ ತಪ್ಪಿದ ಬಡಿತ ಮತ್ತೆ ಬರಬಹುದು. ಇಳಿಸುವುದಾದರೆ ಹಂತ ಹಂತವಾಗಿ, ಬರೆದುಕೊಟ್ಟವರೇ ಇಳಿಸಬೇಕು. ಮೂರ್ಛೆ ಬಂದರೆ ಅಥವಾ ನಾಡಿ ತೀರಾ ಇಳಿದು ಒದ್ದಾಟವಾದರೆ ಮುಂದಿನ ಮಾತ್ರೆಗೆ ಮೊದಲೇ ಆಸ್ಪತ್ರೆಗೆ ಹೋಗಿ, ಅಲ್ಲೇ ತೀರ್ಮಾನವಾಗಲಿ.

ಬ್ಯಾಟರಿ ಎದೆ

ನಾನು ಸ್ವಲ್ಪ ಬೇರೆ ರಾಗ ಹಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ "ಮಾತ್ರೆಯದು, ಮಾತ್ರೆಯದು" ಅನ್ನುತ್ತಿದ್ದೀರಿ. ನನ್ನದೂ ಮಾತ್ರೆಯದೇ ಅಂದುಕೊಂಡು ಐದು ವಾರ ಕಳೆದೆ.

ನನಗೂ ಅಯೋರ್ಟಿಕ್ ವಾಲ್ವ್ ಬದಲಾಯಿಸಿದ್ದು. ಕೂತಾಗ 58, ಯಾರಿಗೂ ಅನುಮಾನ ಬರದಂಥ ಅಂಕಿ. ಸಮತಟ್ಟಾಗಿ ನಡೆದರೆ 80. ಆದರೆ ಮೆಟ್ಟಿಲು ಹತ್ತಲು ಹೋದರೆ ಎರಡನೇ ಮಹಡಿಯಲ್ಲಿ ಯಾರೋ ಸ್ವಿಚ್ ಆರಿಸಿದ ಹಾಗೆ. ಕಣ್ಣು ಕತ್ತಲೆ, ಉಸಿರಿಲ್ಲ. ಒಂದು ದಿನ ಅಲ್ಲೇ ಕೂತು ಕತ್ತಿನ ನಾಡಿ ಎಣಿಸಿದೆ. 42. ಕೂತಾಗ 58 ಇದ್ದದ್ದು ಮೆಟ್ಟಿಲು ಹತ್ತಿದಾಗ 42! ಏರಬೇಕಾದ್ದು ಇಳಿದಿದೆ.

ಆಮೇಲೆ ತಿಳಿಸಿ ಹೇಳಿದರು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಮಿಂಚು ಕೆಳಗಿನ ಕೋಣೆಗೆ ಇಳಿಯುವ ದಾರಿ ಅಯೋರ್ಟಿಕ್ ವಾಲ್ವ್‌ಗೆ ಅಂಟಿಕೊಂಡೇ ಹೋಗುತ್ತದೆ. ಹಳೇ ವಾಲ್ವ್‌ನ ಸುಣ್ಣ ಕೆರೆದು ಹೊಸದನ್ನು ಹೊಲಿಯುವಾಗ ಆ ದಾರಿಗೆ ಊತ ಬರಬಹುದು, ಪೆಟ್ಟೂ ಆಗಬಹುದು. ಊತ ಆದರೆ ಕೆಲವು ದಿನದಲ್ಲಿ ಇಳಿಯುತ್ತದೆ. ಅದಕ್ಕೇ ಆಪರೇಷನ್ ಆದ ಮೇಲೆ ಹೊಟ್ಟೆಯ ಮೇಲ್ಭಾಗದಿಂದ ಎರಡು ತೆಳು ತಂತಿ ಹೊರಗೆ ಬಿಟ್ಟಿರುತ್ತಾರೆ, ಬೇಕಾದರೆ ಹೊರಗಿನಿಂದ ಬಡಿಸಲು. ಪೆಟ್ಟು ಉಳಿದುಕೊಂಡರೆ ಪೇಸ್‌ಮೇಕರ್.

ನಿಧಾನ ನಾಡಿಯಲ್ಲಿ ಎರಡು ಜಾತಿ. ನಿದ್ದೆಯಲ್ಲಿ, ವಿಶ್ರಾಂತಿಯಲ್ಲಿ ವೇಗಸ್ ನರ ಹಿಡಿದು ನಿಧಾನ ಮಾಡಿದ್ದು ವ್ಯಾಯಾಮ ಮಾಡಿದರೆ ಬಿಟ್ಟುಕೊಡುತ್ತದೆ, ನಾಡಿ ಏರುತ್ತದೆ. ಕೆಳಗಿನ ದಾರಿಯೇ ಕೆಟ್ಟಿದ್ದರೆ ವ್ಯಾಯಾಮ ಮಾಡಿದಷ್ಟೂ ಕೆಡುತ್ತದೆ. ಮೇಲಿನಿಂದ ಸಂಕೇತ ಬೇಗ ಬೇಗ ಬರುತ್ತದೆ, ಕೆಳಗಿನ ದಾರಿ ಎರಡಕ್ಕೊಂದನ್ನು ಮಾತ್ರ ಬಿಡುತ್ತದೆ. ನನ್ನದು ಈ ಜಾತಿ. ಕೂತಾಗ ತೆಗೆದ ಇಸಿಜಿಯಲ್ಲಿ ಇದು ಪೂರ್ತಿ ಕಾಣಲೇ ಇಲ್ಲ. ಟ್ರೆಡ್‌ಮಿಲ್ ಮೇಲೆ ನಾಲ್ಕನೇ ನಿಮಿಷಕ್ಕೆ ಕಂಡಿತು.

ಹಳೇ ಓಟಗಾರರೇ, ನಿಮ್ಮದು 105ಕ್ಕೆ ನಿಲ್ಲುತ್ತದೆಯೋ, 105ರಿಂದ ಧಡಕ್ಕನೆ ಕೆಳಗೆ ಬೀಳುತ್ತದೆಯೋ? ಇದಕ್ಕೆ ಉತ್ತರ ಬೇಕು.

ಹಳೇ ಓಟಗಾರ

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಟರಿ ಎದೆ ಅವರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಬರೆದದ್ದು ಒಳ್ಳೆಯದೇ ಆಯಿತು.

ಬೆಳಿಗ್ಗೆ ಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಂಡು ನಡೆದೆ. ಹತ್ತನೇ ನಿಮಿಷಕ್ಕೆ 78, ಇಪ್ಪತ್ತಕ್ಕೆ 91, ಏರು ದಾರಿಯಲ್ಲಿ 99. ಬೀಳಲಿಲ್ಲ, ಮೆಲ್ಲಗೆ ಏರಿತು. ಕೂತು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ. 45. ಗಡಿಯಾರದಲ್ಲೂ 45. ನಡುವೆ ತಪ್ಪಿದ್ದು ಇಲ್ಲ.

ಇಸಿಜಿ ಹುಡುಕಿದೆ. ಆಪರೇಷನ್‌ಗೆ ಮೊದಲು ಪಿಆರ್ 172 ಮಿಲಿಸೆಕೆಂಡ್, ಆಮೇಲಿನದರಲ್ಲಿ 212. ಫೋನ್‌ನಲ್ಲಿ ಇದನ್ನೂ ತಲೆ ಹಗುರಾಗುವುದನ್ನೂ ಹೇಳಿದೆ. ಮೂರು ವಾರ ಬೇಡ, ಶುಕ್ರವಾರವೇ ಬನ್ನಿ ಅಂದರು. ಅಲ್ಲಿಯವರೆಗೆ ಓಟ ಇಲ್ಲ, ನಡಿಗೆ ಮಾತ್ರ. ಹೋಲ್ಟರ್ (ಮೈಗೆ ಕಟ್ಟಿಕೊಂಡೇ ಓಡಾಡುವ ಇಸಿಜಿ) ಹಾಕುತ್ತಾರಂತೆ.

ನಿಜ ಹೇಳಬೇಕೆಂದರೆ ಕಳೆದ ಸಲ ಹೋದಾಗ ತಲೆ ಹಗುರಾದದ್ದನ್ನು ನಾನು ಬಾಯೇ ಬಿಟ್ಟಿರಲಿಲ್ಲ. ಓಡಬೇಡ ಅನ್ನುತ್ತಾರೆ ಅನ್ನುವ ಭಯ.

ಬ್ಯಾಟರಿ ಎದೆ

ಪಿಆರ್‌ನ ಸಾಮಾನ್ಯ ಗೆರೆ 200. ಅದು ದಾಟಿದ್ದಕ್ಕೆ ಗಾಬರಿ ಬೇಡ. ಎರಡು ಮಾತ್ರೆಯೂ ಪಿಆರ್ ಉದ್ದ ಮಾಡುತ್ತವೆ. ಏರುತ್ತಿದೆ ಅಂತ ಓದಿ ನನಗೂ ಉಸಿರು ಬಂತು. ಇನ್ನು ಮುಚ್ಚಿಡಬೇಡಿ ಮಾರಾಯ್ರೇ.

ಕನ್ನಡಕ

ನಡುವೆ ಒಂದು ಸಣ್ಣ ಮಾತು. ಕಣ್ಣಿಗೆ ಡ್ರಾಪ್ಸ್ ಏನಾದರೂ ಹಾಕುತ್ತೀರಾ? ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರೇ. ಕಣ್ಣಿನಿಂದ ಮೂಗಿಗೆ ಇಳಿದು ಸೀದಾ ರಕ್ತಕ್ಕೆ ಸೇರುತ್ತದೆ. ನಮ್ಮ ಅತ್ತೆಯವರ ನಾಡಿ 41ಕ್ಕೆ ಇಳಿದಾಗ ಹೃದಯದ ಮಾತ್ರೆಗಳನ್ನೆಲ್ಲ ಹುಡುಕಿದರು. ಡ್ರಾಪ್ಸ್ ವಿಷಯ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಕಣ್ಣಿನ ಔಷಧ ಹೃದಯಕ್ಕೆ ಏನು ಮಾಡೀತು ಅಂತ ಅಲ್ವಾ?

ಥೈರಾಯ್ಡ್ ಕೂಡ ನೋಡಿಸಿ. ಅದು ಕಮ್ಮಿಯಾದರೂ ನಾಡಿ ನಿಧಾನವಾಗುತ್ತದೆ. ಅಮಿಯೊಡರೋನ್‌ನಲ್ಲಿ ಅಯೋಡಿನ್ ತುಂಬಾ ಇರುವುದರಿಂದ ಥೈರಾಯ್ಡ್ ಏರುಪೇರಾಗುವುದು ಸಾಮಾನ್ಯ.

ಹಳೇ ಓಟಗಾರ

ಡ್ರಾಪ್ಸ್ ಇಲ್ಲ. ಥೈರಾಯ್ಡ್ ಬರೆದುಕೊಂಡೆ.

ಸೈಕಲ್ ಹುಚ್ಚ

ಓಟಗಾರರ ನಾಡಿಯ ಬಗ್ಗೆ ನನಗೆ ಮೊದಲಿಂದ ಕುತೂಹಲ. ಸ್ಪೇನಿನ ಸೈಕಲ್ ಸವಾರ ಮಿಗೆಲ್ ಇಂಡುರೈನ್ 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದವರು. ಅವರ ವಿಶ್ರಾಂತಿಯ ನಾಡಿ 28 ಅಂತ ಎಲ್ಲ ಕಡೆ ಬರೆಯುತ್ತಾರೆ. ಅದನ್ನು ಓದಿ ನಾವೆಲ್ಲ "ಕಮ್ಮಿ ಇದ್ದಷ್ಟೂ ಒಳ್ಳೆಯದು" ಅಂದುಕೊಂಡೆವು. ನನ್ನ ಗುಂಪಿನಲ್ಲಿ ಬೆಳಿಗ್ಗೆ ನಾಡಿ ಹೋಲಿಸುವುದೇ ಒಂದು ಪಂದ್ಯವಾಗಿತ್ತು.

ಆದರೆ ವಿಷಯ ಅಷ್ಟು ಸರಳ ಅಲ್ಲ. ಸ್ವೀಡನ್ನಿನಲ್ಲಿ ವಾಸಲೊಪೆಟ್ ಅಂತ 90 ಕಿಲೋಮೀಟರ್ ಸ್ಕೀ ಓಟ ಇದೆ. ಅದರಲ್ಲಿ ಓಡಿದ 52 ಸಾವಿರಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಅಧ್ಯಯನ 2013ರಲ್ಲಿ ಬಂತು. ಜಾಸ್ತಿ ಸಲ ಓಡಿದವರಲ್ಲಿ, ಬೇಗ ಮುಗಿಸಿದವರಲ್ಲಿ ಹದ ತಪ್ಪಿದ ಬಡಿತ ಹೆಚ್ಚು ಕಂಡಿತು. ಇಲಿಗಳಿಗೆ ತರಬೇತಿ ಕೊಟ್ಟು ನೋಡಿದವರಿಗೆ ಇನ್ನೊಂದು ಸುಳಿವು ಸಿಕ್ಕಿತು. ನಿಧಾನ ನಾಡಿ ಬರೀ ವೇಗಸ್ ನರದ ಕೆಲಸ ಅಲ್ಲ, ಬಡಿತ ಹುಟ್ಟಿಸುವ ಗಂಟೇ ಒಳಗಿನಿಂದ ಬದಲಾಗುತ್ತದೆ. ಓಟ ಕೆಟ್ಟದ್ದು ಅಂತಲ್ಲ. "ನಾನು ಓಟಗಾರ, ನನಗೆ 40 ಸಹಜ" ಅನ್ನುವ ಮಾತು ಒಂದು ಪರದೆಯೂ ಆಗಬಹುದು. ಹಿಂದೆ ಏನಿದೆ ಅಂತ ಕಾಣುವುದಿಲ್ಲ.

ಅಂದ ಹಾಗೆ, 14 ವಾರದಲ್ಲಿ ನೀವು ಓಟವನ್ನೇ ಅರ್ಧಕ್ಕರ್ಧ ಬಿಟ್ಟಿದ್ದೀರಿ. ತರಬೇತಿಯಿಂದ ಬಂದ ನಿಧಾನ ಆಗಿದ್ದರೆ ನಾಡಿ ಏರಬೇಕಿತ್ತು, ಇಳಿಯಬಾರದಿತ್ತು.

ರಿಹ್ಯಾಬ್ ಮನುಷ್ಯ

ಆ ಕೊನೆಯ ಎರಡು ಸಾಲು ಬಹಳ ಸರಿ. ಆಪರೇಷನ್ ಆದ ಮೊದಲ ವಾರಗಳಲ್ಲಿ ನಾಡಿ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ರಕ್ತ ಕಮ್ಮಿಯಾಗಿರುತ್ತದೆ, ಮೈಯಲ್ಲಿ ಉರಿಯೂತ, ನೋವು, ಹಾಸಿಗೆಯಲ್ಲಿ ಮಲಗಿದ ದಣಿವು. ಇವೆಲ್ಲ ಇಳಿದಂತೆ ನಾಡಿಯೂ ಇಳಿಯುತ್ತದೆ. ಆದರೆ ಮಾತ್ರೆಯ ಪ್ರಮಾಣ ಮಾತ್ರ ನಾಡಿ 85 ಇದ್ದ ದಿನಗಳದ್ದೇ ಉಳಿದಿರುತ್ತದೆ.

ಮಗಳು

ನಮ್ಮದು ಉಲ್ಟಾ. ಅಪ್ಪನಿಗೆ ಹೃದಯ ಕಸಿ ಆಗಿ ಐದು ತಿಂಗಳು. ಕೂತಾಗಲೂ 98. ನಡೆಯಲು ಶುರು ಮಾಡಿದರೆ ಮೊದಲ ಐದು ನಿಮಿಷ ಏರುವುದೇ ಇಲ್ಲ, ನಿಲ್ಲಿಸಿದ ಮೇಲೆ ಏರುತ್ತದೆ. ಇದಕ್ಕೂ ಭಯ ಪಡಬೇಕಾ?

ರಿಹ್ಯಾಬ್ ಮನುಷ್ಯ

ಕಸಿ ಮಾಡಿದ ಹೃದಯಕ್ಕೆ ನರಗಳ ಸಂಪರ್ಕ ಕತ್ತರಿಸಿರುತ್ತದೆ. ನಿಧಾನ ಮಾಡುವ ವೇಗಸ್ ಇಲ್ಲ, ಹಾಗಾಗಿ 90ರಿಂದ 110 ಸಾಮಾನ್ಯ. ಏರಲು ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್ ತಲುಪಬೇಕು, ಅದಕ್ಕೇ ತಡ. ಇಳಿಯುವುದೂ ತಡವೇ. ಅಪ್ಪನಿಗೆ ಮೊದಲ ಹತ್ತು ನಿಮಿಷ ತುಂಬಾ ಮೆಲ್ಲಗೆ ನಡೆಯಲು ಹೇಳಿ. ನಾಡಿ ನೋಡಿ ವೇಗ ಹಿಡಿಯುವುದು ಅವರಿಗಂತೂ ಕೂಡಿಬರುವುದಿಲ್ಲ. ಕಸಿ ತಂಡಕ್ಕೂ ಒಮ್ಮೆ ಹೇಳಿಡಿ.

ಬೆಳಗಿನ ನಡಿಗೆ

ಬ್ಯಾಟರಿ ಎದೆ ಅವರೇ, ಪೇಸ್‌ಮೇಕರ್ ಹಾಕಿದ ಮೇಲೆ ಓಡುತ್ತೀರಾ? ನಮ್ಮ ತಮ್ಮನಿಗೆ ಹಾಕಬೇಕು ಅನ್ನುತ್ತಿದ್ದಾರೆ. ಸೈಕಲ್ ಬಿಡಬೇಕಾಗುತ್ತದೆ ಅಂತ ಮುಖ ಸಪ್ಪೆ ಮಾಡಿಕೊಂಡಿದ್ದಾನೆ.

ಬ್ಯಾಟರಿ ಎದೆ

ಬಿಡಬೇಕಾಗಿಲ್ಲ. ಮೊದಲ ನಾಲ್ಕರಿಂದ ಆರು ವಾರ ಆ ಕಡೆಯ ಕೈ ಹೆಗಲಿಗಿಂತ ಮೇಲೆತ್ತಬಾರದು, ಭಾರ ಎತ್ತಬಾರದು. ತಂತಿ ಕೂತುಕೊಳ್ಳಬೇಕು. ಆಮೇಲೆ ಸರಿ.

ಸೈಕಲ್‌ನದು ಮಾತ್ರ ಒಂದು ತಮಾಷೆ ಇದೆ. ಬಡಿತ ಹುಟ್ಟುವ ಗಂಟೇ ಸೋತವರಿಗೆ ವ್ಯಾಯಾಮದಲ್ಲಿ ಬಡಿತ ಏರಿಸುವುದು ಪೇಸ್‌ಮೇಕರ್‌ನ ಸೆನ್ಸರ್. ಬಹಳಷ್ಟು ಸೆನ್ಸರ್‌ಗಳು ಗ್ರಹಿಸುವುದು ಎದೆಯ ಅಲುಗಾಟವನ್ನು. ನಡೆದರೆ ಮೈ ಅಲುಗುತ್ತದೆ, ಬಡಿತ ಏರುತ್ತದೆ. ನಿಂತ ಸೈಕಲ್ ಮೇಲೆ ಕೂತು ಬೆವರು ಸುರಿಸಿದರೂ ಎದೆ ಅಲುಗುವುದಿಲ್ಲ. ಯಂತ್ರ ಇವನು ಸುಮ್ನೆ ಕೂತಿದ್ದಾನೆ ಅಂದುಕೊಳ್ಳುತ್ತದೆ! ನನ್ನ ಜೊತೆ ರಿಹ್ಯಾಬ್‌ಗೆ ಬರುತ್ತಿದ್ದವರೊಬ್ಬರು ಹದಿನೈದು ದಿನ ಸೈಕಲ್ ತುಳಿದು ಸುಸ್ತಾಗಿ ಬೈಯುತ್ತಿದ್ದರು. ಟೆಕ್ನಿಷಿಯನ್ ಸೆಟ್ಟಿಂಗ್ ಬದಲಿಸಿದ ಮೇಲೆ ಸರಿಯಾಯಿತು. ಉಸಿರಾಟ ಗ್ರಹಿಸುವ ಸೆನ್ಸರ್‌ಗಳೂ ಇವೆ. ಸೈಕಲ್ ತುಳಿಯುತ್ತೇನೆ ಅಂತ ತಮ್ಮ ಮೊದಲೇ ಹೇಳಲಿ.

ಸೀದಾ ಮಾತು

ನಾನು ಹೇಳಿದ್ದು ತಪ್ಪಾಯಿತು, ಹೋಗಲಿ. ಒಂದು ಪ್ರಶ್ನೆ. ಡಂಬೆಲ್ ಯಾವಾಗ ಶುರು ಮಾಡಬಹುದು? ನನಗೆ ಒಂಬತ್ತನೇ ವಾರ.

ರಿಹ್ಯಾಬ್ ಮನುಷ್ಯ

ಎದೆ ಮೂಳೆ ಕೂಡಲು 8ರಿಂದ 12 ವಾರ ಬೇಕು. ಸಕ್ಕರೆ ಕಾಯಿಲೆ, ಧೂಮಪಾನ ಇದ್ದವರಿಗೆ ಇನ್ನೂ ತಡವಾಗಬಹುದು. ಮೂಳೆ "ಟಕ್" ಅಂದರೆ, ಅಲುಗಿದ ಹಾಗಾದರೆ ಮೊದಲು ಸರ್ಜನ್‌ಗೆ ತೋರಿಸಿ. ಇಲ್ಲದಿದ್ದರೂ ಅವರು ಒಪ್ಪಿದ ಮೇಲೆಯೇ ಶುರು. ಮೊದಲು ತೀರಾ ಹಗುರದ್ದು, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು. ಉಸಿರು ಹಿಡಿದು ಎತ್ತಬೇಡಿ. ಉಸಿರು ಹಿಡಿದು ಮುಕ್ಕಿದರೆ ಬಿಪಿ ಜಿಗಿಯುತ್ತದೆ, ಬಿಟ್ಟಾಗ ನಾಡಿ ಏರುಪೇರಾಗುತ್ತದೆ. ಎತ್ತುವಾಗ ಜೋರಾಗಿ ಎಣಿಸಿ, ಉಸಿರು ತಾನಾಗೇ ಹೊರಗೆ ಬರುತ್ತದೆ.

ಹಳೇ ಓಟಗಾರ

ನಾಲ್ಕು ವಾರ ಆಯಿತು. ಫಲಿತಾಂಶ ಬರೆಯದೆ ಮಾಯವಾಗುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಹೋಲ್ಟರ್ 48 ಗಂಟೆ ಹಾಕಿದರು. ಬೆಳಗಿನ ಜಾವ ಮೂರಕ್ಕೆ ಅತಿ ಕಮ್ಮಿ 36. ಅತಿ ಉದ್ದದ ನಿಲುಗಡೆ 2.1 ಸೆಕೆಂಡ್, ಅದೂ ನಿದ್ದೆಯಲ್ಲಿ. ಮಿಂಚು ಇಳಿಯುವ ದಾರಿ ಎಲ್ಲೂ ಕಡಿದಿಲ್ಲ. ಫಿಬ್ರಿಲೇಷನ್ ಇಲ್ಲ. ಹಗಲಲ್ಲಿ ನಡೆದಾಗಲೆಲ್ಲ ಏರಿದೆ.

ಟ್ರೆಡ್‌ಮಿಲ್ ಮಾತ್ರೆ ತೆಗೆದುಕೊಂಡೇ ಮಾಡಿದರು. ತುದಿ 111. ಬಿಪಿ ಸರಿಯಾಗಿ ಏರಿತು. ನಿಲ್ಲಿಸಿದ ಮೊದಲ ನಿಮಿಷದಲ್ಲಿ 19 ಇಳಿಯಿತು. 12ಕ್ಕಿಂತ ಜಾಸ್ತಿ ಇಳಿದರೆ ಒಳ್ಳೆಯದಂತೆ. ಬೇಕೆಂದೇ ಥಟ್ಟನೆ ನಿಲ್ಲಿಸಿ ಬಿಪಿ ನೋಡಿದರು. ಮೇಲಿನದು 150ರಿಂದ 98ಕ್ಕೆ ಬಿತ್ತು, ನನಗೆ ಅದೇ ಹಳೇ ತಲೆ ಹಗುರ. ರಿಹ್ಯಾಬ್ ಮನುಷ್ಯ ಹೇಳಿದ ಮೀನಖಂಡದ ಕತೆಯೇ.

ಅಮಿಯೊಡರೋನ್ ನಿಲ್ಲಿಸಿದರು. ಮೈಯಿಂದ ಪೂರ್ತಿ ಹೋಗಲು ತಿಂಗಳುಗಳೇ ಬೇಕು, ನಾಳೆಯೇ ಓಡುತ್ತೇನೆ ಅಂದುಕೊಳ್ಳಬೇಡಿ ಅಂತ ಎಚ್ಚರಿಸಿದರು. ಮೆಟೊಪ್ರೊಲಾಲ್ ಅರ್ಧಕ್ಕೆ ಇಳಿಸಿದರು, ಒಮ್ಮೆಗೇ ಅಲ್ಲ, ಎರಡು ಹಂತದಲ್ಲಿ. ಥೈರಾಯ್ಡ್ ಸರಿ ಇದೆ. ಪಿಆರ್ ಈಗ 196.

ಇವತ್ತು ಬೆಳಿಗ್ಗೆ ಕೂತಾಗ 51. ಹತ್ತು ನಿಮಿಷ ನಡಿಗೆ, ಇಪ್ಪತ್ತೈದು ನಿಮಿಷ ಓಟ, ಹತ್ತು ನಿಮಿಷ ನಡಿಗೆ. ಓಡುವಾಗ 118. ಕಾಲಿನ ಕಲ್ಲು ಅರ್ಧ ಇಳಿದಿದೆ. ಮಾತಾಡುತ್ತಾ ಓಡಬೇಕು ಅಂತ ಹೆಂಡತಿಗೆ ಫೋನ್ ಮಾಡಿಕೊಂಡೇ ಓಡಿದೆ. ಅರ್ಧ ದಾರಿಗೇ "ಸಾಕು, ನನಗೆ ಕೆಲಸ ಇದೆ" ಅಂತ ಇಟ್ಟಳು.

ಮನೆಯವಳು

ಒಳ್ಳೆಯ ಸುದ್ದಿ! ರಾತ್ರಿ ಗಡಿಯಾರ ಇನ್ನೂ ಕಿರುಚುತ್ತದಾ?

ಹಳೇ ಓಟಗಾರ

ನಿದ್ದೆಯಲ್ಲಿ 36 ಬಂದದ್ದು ನಿಮಗೆ ಸರಿಯೇ ಅಂತ ಡಾಕ್ಟರ್ ಅಂದ ಮೇಲೆ ಗಡಿಯಾರದ ವಿಷಯವನ್ನೂ ಅವರನ್ನೇ ಕೇಳಿದೆ. ಎಚ್ಚರಿಕೆಯ ಗೆರೆ 40 ಇತ್ತು. ಕೆಳಗಿಳಿಸಿಕೊಳ್ಳಿ ಅಂದರು. ಆದರೆ ಹಗಲಲ್ಲಿ ಎಚ್ಚರ ಇರುವಾಗ 40ಕ್ಕಿಂತ ಕಮ್ಮಿ ಬಂದು ತಲೆ ಸುತ್ತಿದರೆ, ಓಡುವಾಗ ನಾಡಿ ಧಡಕ್ಕನೆ ಬಿದ್ದರೆ, ಎದೆ ಹಿಡಿದರೆ, ಕಣ್ಣು ಕತ್ತಲೆ ಬಂದರೆ ತಡ ಮಾಡದೆ ಬನ್ನಿ ಅಂದಿದ್ದಾರೆ. ಅದನ್ನು ಬರೆದು ಬಾಗಿಲ ಹಿಂದೆ ಅಂಟಿಸಿದ್ದೇವೆ. ಗಡಿಯಾರ ಈಗ ರಾತ್ರಿ ಮೇಜಿನ ಮೇಲೆ ಮಲಗುತ್ತದೆ.